ತುಂಬಿದ ತೊಟ್ಟಿ

ನೆಲದಡಿಯ ಆ ಊರಿನಲ್ಲಿ ಪ್ರತಿ ಮನೆಯವರೂ ಉಸಿರಾಡುವ ಗಾಳಿ ಅವರವರ ತೋಟದಿಂದಲೇ ಬರಬೇಕಿತ್ತು. ನಾಗವೇಣಿಯ ಕೋಣೆಯಲ್ಲಿ ಮಣ್ಣಿಲ್ಲದೆ ನೀರಲ್ಲೇ ಬೆಳೆದ ಬಸಳೆ, ದಂಟು ಒಂದು ವಾರದಿಂದ ಬಿಳಿಚಿಕೊಳ್ಳುತ್ತಿದ್ದವು. ಸಂಜೆ ತಪಾಸಣೆಯವರು ಬರುವವರಿದ್ದರು. ಬೇರು ಕೊಳೆತಿದ್ದರೆ ತೋಟ ಕಿತ್ತುಹಾಕಿ, ಮನೆಮಂದಿಯನ್ನು ಒಬ್ಬೊಬ್ಬರಾಗಿ ಬೇರೆ ಮನೆಗಳಿಗೆ ಹಂಚಿಬಿಡುತ್ತಿದ್ದರು. ನಾಗವೇಣಿ ಏಳು ತಿಂಗಳ ಬಸುರಿ.

ಒಂದು ಗಿಡವನ್ನು ಮೆಲ್ಲಗೆ ಎತ್ತಿ ಬೇರು ಮೂಸಿದಳು. ಕೊಳೆತ ವಾಸನೆಯಿಲ್ಲ, ಬೇರು ಬೆಳ್ಳಗೇ ಇತ್ತು. ಎಲೆಯಡಿ ಹುಳುವೂ ಇರಲಿಲ್ಲ. ಕೊನೆಗೆ ತೊಟ್ಟಿಯೊಳಗೆ ಮಾಪಕ ಅದ್ದಿದಳು. ನೀರಿನಲ್ಲಿ ಗೊಬ್ಬರದ ಸತ್ವ ಅರ್ಧಕ್ಕೂ ಕಡಿಮೆಯಿತ್ತು. ಅವಳು ನೀರು ತುಂಬಿ ಹತ್ತು ದಿನವಾಗಿದ್ದರೂ ತೊಟ್ಟಿ ಅಂಚಿನವರೆಗೆ ತುಳುಕುತ್ತಿತ್ತು.

“ಮಾವ, ಇದಕ್ಕೆ ನೀವೇನಾದ್ರೂ ನೀರು ಹಾಕಿದ್ರಾ?”

ಮೂಲೆಯಲ್ಲಿ ಕೂತಿದ್ದ ಮುನಿಶಾಮಪ್ಪ ತಲೆ ತಗ್ಗಿಸಿದರು. “ಎಲೆ ಬಾಡ್ದಂಗೆ ಕಾಣ್ತಮ್ಮ. ಬಾಯಾರಿರ್ಬೇಕು ಅಂದ್ಕಂಡೆ. ನಂಗೆ ಕೊಡೋ ಕುಡಿಯೋ ನೀರಲ್ಲಿ ದಿನಾ ಒಸಿ ಹುಯ್ತಿದ್ದೆ.”

“ಒಸಿ ಅಂದ್ರೆ ಎಷ್ಟು?”

“ಒಂದು ಲೋಟ ಇಟ್ಕಂಡು ಮಿಕ್ಕಿದ್ದೆಲ್ಲ. ಹುಟ್ಟೋ ಮಗೀಗೆ ಗಾಳಿ ಸಾಲ್ದೆ ಹೋದ್ರೆ ಏನ್ಮಾಡಾದು?”

ಅವರ ಒಡೆದ ತುಟಿಗಳನ್ನು ಅವಳು ಕಂಡದ್ದು ಆಗಷ್ಟೇ. ವಾರವೆಲ್ಲ ಎಲೆಗಳನ್ನಷ್ಟೇ ನೋಡಿದ್ದಳು.

ಬೇರು ಬೆಳ್ಳಗಿದ್ದ ಮೇಲೆ ತೋಟ ಕೀಳುವ ಮಾತಿಲ್ಲ. ಬರಿ ನೀರು ಸೇರಿ ಸತ್ವ ತೆಳುವಾಗಿತ್ತು, ಅಷ್ಟೇ; ಗೊಬ್ಬರ ಬೆರೆಸಿದರೆ ನಾಲ್ಕೈದು ದಿನದಲ್ಲಿ ಗಿಡ ಚೇತರಿಸಿಕೊಳ್ಳುತ್ತಿತ್ತು. ಅದನ್ನು ಆಮೇಲೆ ಮಾಡಿದರಾಯಿತೆಂದು ಅವಳು ತಂಬಿಗೆ ತುಂಬ ನೀರು ತಂದು ಮಾವನ ಕೈಗಿಟ್ಟಳು. ಅವರು ಅರ್ಧ ಕುಡಿದು ತೊಟ್ಟಿಯತ್ತ ನೋಡಿದರು.

“ಪೂರ್ತಿ ಕುಡೀರಿ” ಎಂದು ನಾಗವೇಣಿ ತೊಟ್ಟಿಗೆ ಅಡ್ಡವಾಗಿ ನಿಂತಳು.