ನಲವತ್ತು ಕೆಂಪು ಚುಕ್ಕಿ

'ಆಕೆ ಕೇಳಿದರೆ ನಾನು ಅಜ್ಜಿಯ ಹೆಸರು ಹೇಳಿಬಿಡುತ್ತೇನೆ. ಹೇಳದೆ ಇರುವಷ್ಟು ಗಟ್ಟಿಗಿತ್ತಿ ನಾನಲ್ಲ.'

ಬೆಳಿಗ್ಗೆ ಡೈರಿಯಲ್ಲಿ ಬರೆದ ಈ ಎರಡು ಸಾಲು ಟೆಕ್ಸಸ್‌ನ ಫುಲ್‌ಶೀರ್‌ನಿಂದ ಡ್ಯಾಲಸ್‌ವರೆಗೂ ನಿವೇದಿತಾಳ ಬೆನ್ನು ಬಿಡಲಿಲ್ಲ. ಹಿಂದಿನ ಸೀಟಿನಲ್ಲಿ ಬೆಲ್ಟು ಕಟ್ಟಿ ಕೂರಿಸಿದ್ದ ಮರದ ಪೆಟ್ಟಿಗೆ ರಸ್ತೆ ಕುಲುಕಿದಾಗಲೆಲ್ಲ ಕಟಕಟ ಎನ್ನುತ್ತಿತ್ತು. ಒಳಗೆ ನಲವತ್ತು ಗಾಜಿನ ಸ್ಲೈಡುಗಳು, ಗಾಜಿನ ಮೇಲೆ ಮೂಡಿಸಿದ ಹಳೆಯ ಫೋಟೋಗಳು. ತೊಂಬತ್ತು ವರ್ಷದ ಹಿಂದಿನ ಕೊರಿಯಾದ ಸಿಯೋಲ್ ನಗರದ ಕೋಟೆಬಾಗಿಲು, ಅರಮನೆ, ಹೆಂಚಿನ ಮನೆಗಳ ಓಣಿ. ಪಕ್ಕದ ಸೀಟಿನಲ್ಲಿ ಅಜ್ಜಿ ನಿಂಗವ್ವ. ಹತ್ತು ದಿನದಿಂದ ಮೊಮ್ಮಗಳೊಡನೆ ಮಾತು ಬಿಟ್ಟವಳು ಇವತ್ತು ತಾನಾಗಿ ಹೊರಟು ನಿಂತಿದ್ದಳು.

"ಯಾರ ಗಾಜು ಕೆಡಿಸೀನಂತೀಯೋ ಆಕಿ ಮಾರಿ ನೋಡಿ ಬರ್ತೀನಿ."

ಆಸ್ಟಿನ್‌ನಲ್ಲಿ ಇತಿಹಾಸದ ಎಂ.ಎ. ಮುಗಿಸಿದ ನಿವೇದಿತಾಳಿಗೆ ಸಿಕ್ಕ ಮೊದಲ ಕೆಲಸ ಇದು. ಎಂಬತ್ತು ದಾಟಿದ ಮಿಸೆಸ್ ಹಾನ್, ತಮ್ಮ ತಂದೆ ತೆಗೆದ ಚಿತ್ರಗಳನ್ನು ಸ್ಕ್ಯಾನ್ ಮಾಡಿಕೊಡೆಂದು ನಂಬಿ ಒಪ್ಪಿಸಿದ್ದರು. ಪೆಟ್ಟಿಗೆ ಮನೆಗೆ ಬಂದದ್ದು ಆಯುಧಪೂಜೆಯ ಹಿಂದಿನ ದಿನ. ತೆರೆಯದೆ ಸ್ಕ್ಯಾನರ್ ಪಕ್ಕದಲ್ಲಿಟ್ಟಿದ್ದಳು.

ಮರುದಿನ ಸಂಜೆ ಹೊರಗಿನಿಂದ ಬಂದು ನೋಡಿದರೆ ಕಾರು, ಮಿಕ್ಸರು, ಲ್ಯಾಪ್‌ಟಾಪು, ಸ್ಕ್ಯಾನರು, ಎಲ್ಲಕ್ಕೂ ಪೂಜೆ ಆಗಿತ್ತು. ಪೆಟ್ಟಿಗೆಯ ಮುಚ್ಚಳದ ನಟ್ಟನಡುವೆ ಮೂರು ಬೆರಳಿನ ವಿಭೂತಿ, ಅದರ ಮೇಲೆ ಕುಂಕುಮ, ಒಂದು ಚೆಂಡುಹೂವು. ಮುಚ್ಚಳ ತೆಗೆದಳು. ಪ್ರತಿ ಗಾಜಿನ ಮೂಲೆಯಲ್ಲೂ ಒಂದೊಂದು ಕೆಂಪು ಚುಕ್ಕಿ.

"ಅಜ್ಜಿ, ಒಳಗೂ ಹಚ್ಚೀಯೇನು?"

"ಪೆಟಿಗಿಗಷ್ಟ ಹಚ್ಚೀನಿ. ಒಳಗ ಏನೈತಿ ಅಂತ ನಂಗೇನ ಗೊತ್ತು?"

"ಮತ್ತ ಇವು ತಾವಾಗೇ ಹುಟ್ಟಿದ್ವಾ?"

"ನಿನ್ನ ಎಂ.ಎ. ಕೇಳು, ಹೇಳತೈತಿ."

ಹೋದ ತಿಂಗಳು ಕನ್ನಡಕವನ್ನು ಫ್ರಿಜ್‌ನಲ್ಲಿಟ್ಟು ಮನೆಯೆಲ್ಲ ಹುಡುಕಿಸಿದ ಅಜ್ಜಿ. ಇದನ್ನೂ ಮರೆತಿದ್ದಾಳೆ, ಅಷ್ಟೇ. ನಿವೇದಿತಾ ಇಡೀ ಭಾನುವಾರ ಕೂತು ಚುಕ್ಕಿ ತೆಗೆದಳು. ಒಣಬಟ್ಟೆಗೆ ಜಗ್ಗಲಿಲ್ಲ. ಕುಂಕುಮಕ್ಕೆ ಎಣ್ಣೆ ಕಲಸಿರಬೇಕು ಎಂದುಕೊಂಡು ಒದ್ದೆ ಹತ್ತಿಯಲ್ಲಿ ನೆನೆಸಿ ಉಗುರಿನಿಂದ ಕೆರೆದಳು. ಸಿಪ್ಪೆಸಿಪ್ಪೆಯಾಗಿ ಎದ್ದವು. ಅಜ್ಜಿ ಬಾಗಿಲಲ್ಲಿ ನಿಂತು ನೋಡಿದಳು.

"ವಿಭೂತಿ ಇಲ್ಲದ ಬರೇ ಕುಂಕುಮ ನಾ ಎಂದಾದ್ರೂ ಹಚ್ಚೀನೇನ?"

ಇವತ್ತಿನವರೆಗೆ ಅದೇ ಕೊನೆಯ ಮಾತು.

ಗಾಜಿನ ಮೂಲೆಯಲ್ಲಿ ಉಳಿದ ಕಲೆ ಕಂಡು ಮಿಸೆಸ್ ಹಾನ್ ಕೇಳಿದರೆ ಹೇಳಲು ಒಂದು ವಾಕ್ಯ ಇಂಗ್ಲಿಷಿನಲ್ಲಿ ಸಿದ್ಧವಿತ್ತು. ಕ್ಷಮಿಸಿ, ನಮ್ಮಜ್ಜಿಗೆ ವಯಸ್ಸಾಗಿದೆ, ಮರೆವು ಜಾಸ್ತಿ. ಅಜ್ಜಿಗೆ ಇಂಗ್ಲಿಷ್ ಬಾರದು ಎಂಬುದೊಂದೇ ಸಮಾಧಾನ.

ಡ್ಯಾಲಸ್‌ನ ತಮ್ಮ ಮನೆಯಲ್ಲಿ ಮಿಸೆಸ್ ಹಾನ್ ಬಾರ್ಲಿ ಚಹಾ ಕೊಟ್ಟರು. ಅಜ್ಜಿ ಚೀಲದಿಂದ ಶೇಂಗಾ ಹೋಳಿಗೆ ತೆಗೆದಳು. ಇಬ್ಬರು ಮುದುಕಿಯರೂ ಅಗಿದು, ಒಬ್ಬರಿಗೊಬ್ಬರು ತಲೆಯಾಡಿಸಿದರು.

ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಮಾಡಿದ ಚಿತ್ರಗಳು ಸರಿದವು. ಒಂದರ ಮುಂದೆ ಮಿಸೆಸ್ ಹಾನ್ ನಿಂತುಬಿಟ್ಟರು. ಕೋಟೆಬಾಗಿಲು. ಎರಡೂ ಬದಿಗೆ ಒಂದೇ ಥರದ ಗೋಡೆ, ಒಂದೇ ಥರದ ಓಣಿ. ಬಲಗಡೆಯ ಓಣಿಯಲ್ಲಿ ಒಂದು ಹೆಂಚಿನ ಮನೆ.

"ನಾನು ಹುಟ್ಟಿದ ಮನೆ. ಯುದ್ಧದಲ್ಲಿ ಓಣಿಗಳೇ ಸುಟ್ಟುಹೋದವು, ಕೋಟೆಬಾಗಿಲು ಉಳೀತು. ನಮ್ಮಮ್ಮ ತೀರಿಹೋಗಿದ್ದೂ ಆ ಮನೆಯಲ್ಲೇ. ಮುಂದಿನ ವಾರ ಮಗಳು ಹೋಗ್ತಿದ್ದಾಳೆ, ಅಲ್ಲಿ ಹೂವಿಡೋದಕ್ಕೆ. ಬಾಗಿಲಿನ ಯಾವ ಕಡೆ ಇಡಬೇಕು ಅನ್ನೋದೊಂದು ಗೊತ್ತಾಗಬೇಕಿತ್ತು."

"ಬಲಗಡೆ," ಎಂದಳು ನಿವೇದಿತಾ.

"ನನಗೆ ಎಡಗಡೆ ಅಂತ ನೆನಪು." ಮಿಸೆಸ್ ಹಾನ್ ನಕ್ಕರು. "ಆದರೆ ನೆನಪನ್ನ ನಂಬೋ ವಯಸ್ಸಲ್ಲ ನಂದು. ಗಾಜು ಬೇರೆ. ಆ ಕಡೆಯಿಂದ ನೋಡಿದರೂ ಚಿತ್ರವೇ, ಈ ಕಡೆಯಿಂದ ನೋಡಿದರೂ ಚಿತ್ರವೇ. ಎಡ ಹೋಗಿ ಬಲ ಆಗಿಬಿಡತ್ತೆ."

ಪೆಟ್ಟಿಗೆಯಿಂದ ಆ ಸ್ಲೈಡ್ ಎತ್ತಿಕೊಂಡು ಕೆಳಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು. ತಿರುಗಿಸಿದರು. ಇನ್ನೊಂದು ಮೂಲೆ. ನಾಲ್ಕೂ ಮೂಲೆ ಮುಗಿದವು. ಇನ್ನೊಂದು ಸ್ಲೈಡ್ ತೆಗೆದರು. ಮತ್ತೊಂದು. ಅವರ ನಗು ಮಾಸಿತು.

ಸಿದ್ಧ ವಾಕ್ಯ ನಿವೇದಿತಾಳ ನಾಲಿಗೆಯ ತುದಿಗೆ ಬಂದು ಕೂತಿತು. ಅಜ್ಜಿ ಅವಳನ್ನೇ ನೋಡುತ್ತಿದ್ದಳು.

"ಸರಿಯಾದ ಕಡೆ ಯಾವುದು ಅಂತ ಬೆರಳಿಗೇ ಗೊತ್ತಾಗಲಿ ಅಂತ ನಮ್ಮಪ್ಪ ಪ್ರತಿ ಗಾಜಿನ ಮೂಲೆಗೂ ಕೆಂಪು ಕಾಗದದ ಚುಕ್ಕಿ ಅಂಟಿಸಿದ್ದರು," ಎಂದರು ಮಿಸೆಸ್ ಹಾನ್. "ನೀನು ನೋಡಿದೆಯಾ ಅವನ್ನ?"

ನಿವೇದಿತಾ ಉತ್ತರವನ್ನು ಮೊದಲು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಅಜ್ಜಿಯ ಕಡೆ ತಿರುಗಿ ಕನ್ನಡದಲ್ಲಿ: "ಆ ಚುಕ್ಕಿ ನಿನ್ನವಲ್ಲಜ್ಜಿ. ಅಳಿಸಿದಾಕಿ ನಾನು."