ಅವ್ವನ ಶಹಬ್ಬಾಸ್

ಕಾಲು ತಾಸಾದರೂ ಹಾಡು ಮುಗಿಯುವ ಲಕ್ಷಣ ಕಾಣಲಿಲ್ಲ. ಪಕ್ಕದ ಮನೆಯ ದೇವಕಮ್ಮ ಗೋಡೆಗೆ ಆನಿಕೊಂಡು ಮತ್ತೊಮ್ಮೆ ಆಕಳಿಸಿದಳು.

"ಏನ್ ಸುನೀಲಾ, ಇದು ಒಂದ ಹಾಡೋ, ಇಡೀ ಪುರಾಣೋ?"

"ಒಂದ ಅದರಿ ಅತ್ತಿ. ನಮ್ಮ ಶಹಾಪುರದಾಗ ಮನಷ್ಯಾನಂಗ ಮಲಗಿದ ಗುಡ್ಡ ಎದ್ದು ಕುಂತ್ರ ಏನಾಗ್ತದ ಅಂತ ಕಥಿ," ಎಂದ ಸುನೀಲಕುಮಾರ. ಅವನೂ ಅವನ ಗೆಳೆಯರೂ ಎರಡು ವರ್ಷ ಬೆವರು ಸುರಿಸಿ ಮಾಡಿದ ಪ್ರೋಗ್ರೆಸಿವ್ ಮೆಟಲ್ ಎಂಬ ಅಬ್ಬರದ, ಉದ್ದುದ್ದ ಹಾಡುಗಳ ರೆಕಾರ್ಡು ಆ ದಿನ ಬೆಳಿಗ್ಗೆಯಷ್ಟೇ ಹೊರಬಂದಿತ್ತು. ಸ್ಪೀಕರಿನೊಳಗೆ ಗಿಟಾರು ಗುಡುಗುತ್ತಿತ್ತು, ಡ್ರಮ್ಮು ಹಾದಿ ತಪ್ಪಿದಂತೆ ಮಾಡಿ ಮತ್ತೆ ಹಾದಿಗೆ ಬರುತ್ತಿತ್ತು.

"ಗುಡ್ಡ ಏಳಲಿ ಬಿಡಲಿ, ನೀ ಸುಮ್ಮ ಕೇಳು ದೇವಕ್ಕ," ಅವ್ವ ಶಿವಬಸಮ್ಮ ಗದರಿದಳು. "ಸುರಪುರದಾಗ ಮಂದಿ ಮುಂದ ಬಾರಿಸಿದ ಹಾಡು ಇದಾದ ಮ್ಯಾಲ ಹಾಕ್ಯಾರ. ಅದರಾಗ ನನ್ನ ದನಿ ಬರ್ತದ. ಅದನ್ನ ಕೇಳಸಾಕಂತನ ನಿನ್ನ ಕರದೀನಿ."

ಅಯ್ಯೋ, ಅವ್ವ ಇದಕ್ಕಾಗಿ ಕಾಯುತ್ತಿದ್ದಾಳೆಂದು ಸುನೀಲನಿಗೆ ಗೊತ್ತೇ ಇರಲಿಲ್ಲ.

ಸುರಪುರದ ಒಂದು ಸಭಾಭವನದಲ್ಲಿ ಅವನೂ ಗೆಳೆಯರೂ ಪರದೇಶದ ಬ್ಯಾಂಡುಗಳ ಹಾಡುಗಳನ್ನು ಬಾರಿಸಿ ರೆಕಾರ್ಡು ಮಾಡಿಕೊಂಡ ದಿನ ಅವ್ವ ಮೊದಲ ಸಾಲಿನಲ್ಲೇ ಕುಳಿತಿದ್ದಳು. ಒಂದು ಹಾಡಿನ ನಡುವೆ ಎಲ್ಲ ವಾದ್ಯಗಳೂ ಗಪ್ಪನೆ ನಿಲ್ಲುತ್ತವೆ. ಆ ಮೌನವೇ ಹಾಡಿನ ಜೀವ. ಅವ್ವನಿಗದು ಹೇಗೆ ತಿಳಿಯಬೇಕು? ಹುಟ್ಟಿದಾಗಿನಿಂದ ಭಜನೆಯಲ್ಲಿ ಕುಳಿತವಳು. ಅಲ್ಲಿ ಹಾಡುವವರು ಉಸಿರು ತಗೊಳ್ಳಲು ನಿಂತಾಗ ಯಾರೂ ಶಹಬ್ಬಾಸ್ ಅನ್ನದಿದ್ದರೆ ಹಾಡಿದವರಿಗೆ ಅವಮಾನ. ಎರಡೂ ಕೈ ಎತ್ತಿ, "ಶಹಬ್ಬಾಸ್ ನನ್ನ ಮಗನಾ!" ಎಂದು ಕೂಗಿಬಿಟ್ಟಳು. ಅಲ್ಲಿದ್ದ ಹತ್ತಿಪ್ಪತ್ತು ಜನ ಬಿದ್ದು ಬಿದ್ದು ನಕ್ಕರು. ಗೆಳೆಯರಂತೂ ತಿಂಗಳುಗಟ್ಟಲೆ ಅದನ್ನೇ ಹೇಳಿ ಕಾಡಿದರು. ನಾಚಿಕೆಯಿಂದ ಸತ್ತುಹೋಗಿದ್ದ ಸುನೀಲ ರೆಕಾರ್ಡಿನಲ್ಲಿ ಆ ಕೂಗನ್ನು ಕತ್ತರಿಸಿ ಹಾಕಿದ. ಚಪ್ಪಾಳೆಯೂ ಬಡವಾಗಿತ್ತು ನೋಡಿ, ಅದನ್ನೂ ತೆಗೆದು ಇಂಟರ್‌ನೆಟ್ಟಿನಲ್ಲಿ ಸಿಕ್ಕ ಯಾವುದೋ ದೇಶದ ಸಾವಿರಾರು ಜನರ ಚಪ್ಪಾಳೆ ಅಂಟಿಸಿದ. ಭಾರಿ ಶಾಣ್ಯಾತನ ಮಾಡಿದೆ ಎಂದು ಆಗ ಬೀಗಿದ್ದ.

ಗುಡ್ಡದ ಹಾಡು ಮುಗಿದು ಸುರಪುರದ್ದು ಶುರುವಾಯಿತು. ಅವ್ವ ಸೆರಗು ಸರಿಮಾಡಿಕೊಂಡು ಸ್ಪೀಕರಿನ ಹತ್ತಿರ ಸರಿದಳು, ತಾನೇ ಹಾಡಲು ಕೂತವಳಂತೆ.

"ಈಗ ಬರ್ತದ ನೋಡು... ಈಗ..."

ವಾದ್ಯಗಳು ಗಪ್ಪನೆ ನಿಂತವು. ಮೌನ. ಸ್ವಚ್ಛವಾದ, ಒಂದು ಕೆಮ್ಮೂ ಇಲ್ಲದ ಮೌನ. ಮರುಕ್ಷಣ ಗಿಟಾರುಗಳು ಒಮ್ಮೆಲೇ ಅಬ್ಬರಿಸಿದವು.

"ಎಲ್ಲದ ನಿನ್ನ ದನಿ?" ದೇವಕಮ್ಮ ಕೇಳಿದಳು.

ಶಿವಬಸಮ್ಮ ಮಗನ ಮುಖ ನೋಡಿದಳು. ಒಂದೇ ಸಲ. ಸುನೀಲ ತಲೆ ತಗ್ಗಿಸಿದ. ಅವ್ವನ ಬಗ್ಗೆ ಅಂದು ಪಟ್ಟ ನಾಚಿಕೆ ಇಂದು ತನ್ನ ಮೇಲೆಯೇ ತಿರುಗಿಬಿತ್ತು.

ಹಾಡು ಮುಗಿದು ಚಪ್ಪಾಳೆ ಭೋರ್ಗರೆಯಿತು. ಅವ್ವ ತಟ್ಟನೆ ಕೈ ಎತ್ತಿದಳು.

"ಅಗಾ, ಕೇಳಿದ್ಯಾ? ಎಲ್ಲಾರ್ಕಿಂತ ಮೊದಲ ಚಪ್ಪಾಳಿ ಹೊಡದಾಕಿ ನಾನ! ಹೌದಲ್ಲೊ ಸುನೀಲಾ?"

"ಹೌದವ್ವ."

"ಯಪ್ಪಾ, ಎಷ್ಟ ಜೋರ ಹೊಡದೀಯವಾ! ಕೈಯ ಅವೋ ಏನವೋ!" ದೇವಕಮ್ಮ ನಕ್ಕು ಎದ್ದುಹೋದಳು.

ಅವ್ವ ಚಹಾದ ಕಪ್ಪು ಎತ್ತಿಕೊಂಡಳು. ಒಳಗೆ ಹೋಗುತ್ತಾ ಅವನತ್ತ ತಿರುಗದೆಯೇ ಅಂದಳು:

"ಮುಂದಿನ ಸಲ ನನ್ನ ಕರಕೊಂಡು ಹೋಗಬ್ಯಾಡಪ. ನನಗ ಸುಮ್ಮ ಕೂಡಾಕ ಬರಂಗಿಲ್ಲ."