ಬಾಗಿಲಿಗೆ ತೂರಿದ ಮಣ್ಣು

ಬೀಸುವ ಕಲ್ಲಿಗೆ ರಾಗಿ ಸುರಿಯುವ ಮೊದಲು ಓಬಕ್ಕ ಮೊರದಿಂದ ಮೂರು ಹಿಡಿ ತೆಗೆದು ಪಕ್ಕದ ಕುಡಿಕೆಗೆ ಹಾಕಿದಳು. ಅದು ಕ್ರೈಸ್ತ ಸಭೆಯ ಪಾಲು. ಮನೆಯಲ್ಲಿ ಎಷ್ಟು ಜನವೋ ಅಷ್ಟು ಹಿಡಿ ಎಂಬುದು ಅವರ ಸಭೆಯ ಹೆಂಗಸರು ಇಟ್ಟುಕೊಂಡಿದ್ದ ರೂಢಿ. ಆ ಮನೆಯಲ್ಲಿದ್ದವಳು ಓಬಕ್ಕ ಒಬ್ಬಳೇ. ಕಲ್ಲು ಎರಡು ಸುತ್ತು ತಿರುಗಿತ್ತೋ ಇಲ್ಲವೋ, ಬೀದಿಯಿಂದಲೇ ಕೂಗು ಕೇಳಿತು.

"ಕಲ್ಲು ನಿಲ್ಸು ಓಬಕ್ಕಾ! ನಿಲ್ಸೇ ಅಂದೆ!"

ಕೂಗಿದವಳು ಸುವಾರ್ತಮ್ಮ. ಶನಿವಾರ ಶನಿವಾರ ಮನೆಮನೆಗೂ ಬಂದು ಸಭೆಯ ರಾಗಿ ಕೂಡಿಸಿಕೊಂಡು, ಕೂತು ಪ್ರಾರ್ಥನೆ ಮಾಡಿ ಹೋಗುವವಳು. ಇವತ್ತು ಶನಿವಾರವಲ್ಲ, ಕೈಯಲ್ಲಿ ಚೀಲವೂ ಇಲ್ಲ. ಏದುಸಿರು ಬಿಡುತ್ತ ಹೊಸ್ತಿಲ ಮೇಲೇ ಕುಸಿದು ಕೂತಳು.

"ನೆನ್ನೆ ಸಿರಾ ಸಂತೇಲಿ ನಿನ್ನ ಸೊಸೆ ಸಿಕ್ಕಿದ್ಲು. ಕೆಂಚಮ್ಮ. ಅವ್ಳೇ ಗುರ್ತು ಹಿಡ್ದು ಮಾತಾಡ್ಸಿದ್ಲು. ಏಳು ತಿಂಗ್ಳು ಕಣೇ!"

ಓಬಕ್ಕ ಎದ್ದಳು. ಕೂತಳು. ಮತ್ತೆ ಎದ್ದಳು. "ಏಳಾ? ನೆಟ್ಟಗೆ ನೋಡ್ದೇನೇ? ಮದಲೂರಿನ ಮುದ್ದೆ ತಿಂದು ಮೈ ಬಂದಿರ್ಬೇಕು ಬುಡು."

"ನನ್ನ ಕೈ ಎಳ್ಕೊಂಡು ಹೊಟ್ಟೆ ಮೇಲೆ ಇಟ್ಕೊಂಡ್ಲು. ಹೆಂಗೆ ಒದೀತು ಅಂತೀಯ! ನಿನ್ನ ವಂಶದ್ದೇ, ಅನುಮಾನಾನೇ ಇಲ್ಲ."

ಓಬಕ್ಕ ನಗುವುದಕ್ಕೆ ಹೋಗಿ ಅತ್ತುಬಿಟ್ಟಳು. ಆರು ವರ್ಷದ ಹಿಂದೆ ಅವಳು ಮದಲೂರಿನಲ್ಲಿ ದೀಕ್ಷಾಸ್ನಾನ ಮಾಡಿಸಿಕೊಂಡು, ಕ್ರೈಸ್ತಳಾಗಿ ಅಲ್ಲಿನ ತಮ್ಮ ಮನೆಗೆ ಬಂದ ಸಂಜೆ, ಮಗ ಕದರಪ್ಪ ಅವಳ ಮಡಿಕೆ ಕುಡಿಕೆಯನ್ನೆಲ್ಲ ಬೀದಿಗೆ ಎಸೆದಿದ್ದ. ಇವಳು ಬಗ್ಗಿ ಮಣ್ಣು ಬಾಚಿ ಅವನ ಬಾಗಿಲಿಗೆ ತೂರಿ, ಈ ಮನೇಲಿ ತೊಟ್ಟಿಲು ಕಟ್ಟದಂಗಾಗ್ಲಿ ಎಂದು ಶಾಪ ಹಾಕಿ, ಮಧುಗಿರಿ ಕಡೆಯ ಈ ಹಳ್ಳಿಗೆ ಬಂದಿದ್ದಳು. ಅಂದಿನಿಂದ ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆ ಮನೆಯಲ್ಲಿ ತೊಟ್ಟಿಲೂ ಕಟ್ಟಿರಲಿಲ್ಲ.

"ಪೂರ್ತಿ ಕೇಳು," ಎಂದಳು ಸುವಾರ್ತಮ್ಮ. "ಕದರಪ್ಪ ಬಳೆ ತೊಡ್ಸೋ ಶಾಸ್ತ್ರ ಬ್ಯಾಡ ಅಂದವ್ನಂತೆ. ಅವ್ವ ತೂರಿದ ಮಣ್ಣು ಇನ್ನೂ ಬಾಗ್ಲಲ್ಲೇ ಐತೆ, ಕೂಸು ದಕ್ಕಾಕಿಲ್ಲ ಅಂತ ಹೆದರ್ಕೊಂಡು ಕೂತವ್ನೆ. ಅತ್ತೆ ಇನ್ನೂ ಶಾಪ ಇಟ್ಕೊಂಡವ್ರಾ, ಒಂದ್ಮಾತು ಕೇಳಿ ಹೇಳಿ ಅಂತ ಆ ಹುಡ್ಗಿ ಸಂತೇಲೇ ಅತ್ತುಬುಟ್ಲು."

ಓಬಕ್ಕ ಒಳಗೆ ಹೋಗಿ ಸೀರೆಯ ಪೆಟ್ಟಿಗೆಯಿಂದ ಒಂದು ಅಂಚೆ ಕಾರ್ಡು ತಂದು ಕೊಟ್ಟಳು. ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿತ ಮೇಲೆ ಅವಳೇ ದಪ್ಪದಪ್ಪವಾಗಿ ಬರೆದದ್ದು. 'ಮಗ ಕದರಪ್ಪನಿಗೆ, ತೂರಿದ ಮಣ್ಣನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ನೀವಿಬ್ಬರೂ ಚೆನ್ನಾಗಿರಿ. ನಿನ್ನ ಅವ್ವ.'

"ತಾರೀಕು ನೋಡಿದ್ರೆ ಬರ್ದು ಮೂರು ವರ್ಷ ಆಯ್ತಲ್ಲೇ! ಯಾಕೆ ಹಾಕ್ಲಿಲ್ಲ?"

"ಸುಳ್ಳು ಬರ್ದಂಗೆ ಆಗಾಕಿಲ್ವಾ? ನಾನು ತಗೊಂಡೆ ಅಂದ್ಬುಟ್ರೆ ಆಯ್ತಾ? ಸ್ನಾನಕ್ಕೆ ಮುಂಚಿನ ಪಾಪ ಎಲ್ಲಾ ತೊಳ್ದು ಹೋಯ್ತು ಅಂದ್ರು ಸಭೆ ಅಯ್ನೋರು. ಇದು ಆಮೇಲಿಂದು. ತಲೆ ಮೇಲಿನ ನೀರು ಆರೋಕ್ ಮುಂಚೆ ಮಣ್ಣು ತೂರಿದೋಳು ನಾನು. ಅದ್ಕೇ ದಿನಾ ಅವರಿಬ್ರ ಹೆಸ್ರಲ್ಲೂ ಒಂದೊಂದು ಹಿಡಿ ಹಾಕ್ತಾ ಇದೀನಿ. ಅದು ತೀರ್ಲಿ, ಆಮೇಲೆ ಹಾಕಾನ ಅಂತ ಇಟ್ಕೊಂಡಿದ್ದೆ."

ಸುವಾರ್ತಮ್ಮ ಕುಡಿಕೆಯನ್ನು ನೋಡಿದಳು, ಓಬಕ್ಕನನ್ನು ನೋಡಿದಳು. "ಅಯ್ಯೋ ನನ್ನವ್ವ! ಒಂಟಿ ಹೆಂಗ್ಸು, ಏನು ಧಾರಾಳದ ಕೈ ಅಂತ ನಾನು ಊರೂರಲ್ಲಿ ಹೊಗಳ್ಕೊಂಡು ಬತ್ತಿದ್ರೆ, ನೀನು ದೇವ್ರಿಗೆ ದಂಡ ಕಟ್ತಾ ಇದ್ಯಾ?"

ಸುವಾರ್ತಮ್ಮ ಓಬಕ್ಕನ ಹಿಟ್ಟಿನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಶಿಲುಬೆ ಮೇಲೆ ಕರ್ತನ ಕೈಗೆ ಮೊಳೆ ಹೊಡುದ್ರಲ್ಲ, ಅವರಿಗೋಸ್ಕರ ಆತ ಬೇಡ್ಕೊಂಡದ್ದು ಯಾವಾಗ, ಹೇಳು. ಅವ್ರು ಬಂದು ತಪ್ಪಾಯ್ತು ಅಂದ್ಮೇಲಾ?"

"ಇಲ್ಲ. ಆ ನೋವಲ್ಲಿ ಇರೋವಾಗ್ಲೇ."

"ಅವ್ರಿಗೆ ಯಾವ ಸ್ನಾನ ಆಗಿತ್ತು ಆಗ? ಎಷ್ಟು ಹಿಡಿ ರಾಗಿ ಕೊಟ್ಟಿದ್ರು? ನೀನು ಮಣ್ಣಿಗೆ ಬಗ್ಗಿದಾಗ್ಲೇ ನಿನ್ನ ಸಲುವಾಗೂ ಬೇಡ್ಕೊಂಡಾಯ್ತು ಕಣೇ ಆತ."

ಓಬಕ್ಕ ಉಸಿರು ಹಿಡಿದು ಕೇಳಿದಳು. "ಹಂಗಾದ್ರೆ ನಾ ಬರ್ದಿರೋದು ನಿಜಾನಾ?"

"ನಿಜ."

"ಮೂರು ವರ್ಷದಿಂದ್ಲೂ ನಿಜಾನಾ?"

ಉತ್ತರಕ್ಕೆ ಕಾಯಲಿಲ್ಲ. ಸುವಾರ್ತಮ್ಮನ ಕೈಯಿಂದ ಕಾರ್ಡು ಕಿತ್ತುಕೊಂಡವಳೇ, ಅರ್ಧ ಬೀಸಿದ ರಾಗಿಯನ್ನೂ ತೆರೆದ ಬಾಗಿಲನ್ನೂ ಬಿಟ್ಟು ಓಡಿದಳು. ಟಪಾಲಿನ ಬೈರಪ್ಪ ಊರಿನ ಕಾಗದಗಳನ್ನು ಚೀಲಕ್ಕೆ ತುಂಬಿಕೊಂಡು ಆಗಲೇ ಹುಣಸೆ ತೋಪು ದಾಟುತ್ತಿದ್ದ. ಓಬಕ್ಕ ಕೂಗಿದ ಕೂಗಿಗೆ ತೋಪಿನ ಕಾಗೆಗಳೆಲ್ಲ ಎದ್ದವು.

ಬೈರಪ್ಪ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಏನವ್ವೋ, ಮೂವತ್ನಾಲ್ಕನೇ ಇಸ್ವಿ ತಾರೀಕು ಹಾಕಿದೀಯ! ಈಗ ಮೂವತ್ತೇಳು. ಇಷ್ಟು ದಿನ ಇಟ್ಕೊಂಡು ಇವತ್ತೇನು ಇಂಗೆ ಪ್ರಾಣ ಹೋಗೋ ಅವಸರ? ನಿಧಾನಕ್ಕೆ ಹೋಯ್ತದೆ ಬುಡು."

"ನಿಧಾನಕ್ಕಾ?" ಓಬಕ್ಕ ಅವನ ಎರಡು ಭುಜವನ್ನೂ ಹಿಡಿದು ಮಧುಗಿರಿ ದಾರಿಗೆ ತಿರುಗಿಸಿ ನೂಕಿದಳು. "ಅಲ್ಲೊಂದು ಕೂಸು ಆಗ್ಲೇ ಹೊರಟುಬುಟ್ಟೈತೆ ಕಣಪ್ಪಾ, ಅದು ಬರೋದ್ರೊಳ್ಗೆ ಇದು ಮುಟ್ಬೇಕು. ಓಡು!"

ಯಾವ ಕೂಸು, ಎಲ್ಲಿಂದ ಹೊರಟಿತು ಎಂದು ಒಂದೂ ತಿಳಿಯದೆ ಬೈರಪ್ಪ ಓಡತೊಡಗಿದ.